ಮಾಡೋ, ಮೆಷಿನ್ನೋ?

ಉಡುಪಿಯಲ್ಲಿ ಜುಲೈ ತಿಂಗಳು ನೆಲದ ಮೇಲೆ ನೀರು ಕಂಡರೆ ಯಾರೂ ಗಾಬರಿಯಾಗುವುದಿಲ್ಲ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಊರು. ಗೋಡೆ ಬೆವರುತ್ತದೆ, ಒಗೆದ ಬನಿಯನ್ನು ಮೂರನೇ ದಿನವೂ ತಣ್ಣಗಿರುತ್ತದೆ, ಉಪ್ಪಿನ ಡಬ್ಬಿಯಲ್ಲೇ ಒಂದು ಸಣ್ಣ ಕೆರೆ. ಹಾಗಾಗಿ ಅಡುಗೆಮನೆಯ ಹಿಂದೆ, ಶೀಟು ಹೊದೆಸಿದ ಜಾಗದಲ್ಲಿ, ಡಿಶ್‌ವಾಷರಿನ ಎದುರು ನೀರು ನಿಂತಾಗ ಒಂದು ವಾರ ಮಳೆಯನ್ನೇ ಬೈದೆ.

ಅದು 2020ರ ಲಾಕ್‌ಡೌನಿನ ಕೂಸು. ಪಾತ್ರೆ ತೊಳೆಯಲು ಬರುವವರು ನಿಂತು, ನಾವೇ ತಿಂಗಳುಗಟ್ಟಲೆ ತಿಕ್ಕಿದ ಮೇಲೆ ನಾನೂ ಹೆಂಡತಿಯೂ ಜಗಳವಿಲ್ಲದೆ ಕೊಂಡ ಏಕೈಕ ವಸ್ತು. "ಹತ್ತು ಹನ್ನೆರಡು ಲೀಟರ್ ನೀರಲ್ಲಿ ಎಲ್ಲ ಪಾತ್ರೆ ತೊಳೀತದೆ" ಎಂದು ಅಮ್ಮನ ಮುಂದೆ ಕೊಚ್ಚಿಕೊಂಡಿದ್ದೆ. ಈಗ ಅಮ್ಮ ನೆಲ ಒರಸಿದ ಬಟ್ಟೆ ಹಿಂಡುತ್ತಾ, "ಅದರಲ್ಲಿ ಎರಡು ಲೀಟರ್ ಇಲ್ಲೇ ಉಂಟಲ್ಲ ಮಾಣಿ" ಎಂದಳು. (52 ತುಂಬಿದರೂ ನಾನು ಮಾಣಿಯೇ.) "ಮೊದ್ಲು ಮಾಡು ನೋಡು." (ನಮ್ಮ ಕಡೆ ಮಾಡು ಎಂದರೆ ಸೂರು.)

"ಮಾಡು ಸರಿ ಉಂಟು, ಮೇ ತಿಂಗಳಲ್ಲೇ ನೋಡಿಸಿದ್ದೇನೆ."

ಮೊದಲ ಅನುಮಾನ ನನ್ನ ಮೇಲೆಯೇ ಬಂತು, ಅದೂ ನ್ಯಾಯವಾಗಿ. ಒಂದು ರಾತ್ರಿ ಮೆಷಿನ್ನಿನ ಪುಡಿ ಮುಗಿದಿತ್ತು. ಸಿಂಕಿನ ಸೋಪಿನ ನೀರನ್ನೇ ಎರಡು ಚಮಚ ಸುರಿದೆ. ಸೋಪು ಸೋಪೇ ಅಲ್ಲವೇ? ಅಲ್ಲ. ಮೆಷಿನ್ನಿನ ಪುಡಿ ನೊರೆ ಬಾರದ ಜಾತಿ. ಇದೋ ಒಳಗಿನ ರಭಸಕ್ಕೆ ಕಡೆದ ಮಜ್ಜಿಗೆಯಂತೆ ಉಕ್ಕಿತು. ಅರ್ಧ ಗಂಟೆಯಲ್ಲಿ ಬಾಗಿಲ ಸಂದಿಯಿಂದ ಮಲ್ಪೆಯ ಕಡಲು ಹೊರಗೆ ಬಂತು. ಸ್ವಿಚ್ಚು ತೆಗೆದು, ಚೊಂಬಿನಲ್ಲಿ ನೊರೆ ತೋಡಿ, ಮೇಲೆ ಉಪ್ಪು ಚೆಲ್ಲಿ, ಬರೀ ನೀರಲ್ಲಿ ಎರಡು ಸಲ ಓಡಿಸಿದೆ. ನೊರೆ ಹೋಯಿತು. ನೀರು ಹೋಗಲಿಲ್ಲ.

ಮುಂದೆ ಬಾಗಿಲ ಸುತ್ತಿನ ರಬ್ಬರು. ಟಾರ್ಚು, ಹಳೇ ಹಲ್ಲುಜ್ಜುವ ಬ್ರಶ್ಶು ಹಿಡಿದು ಕೂತೆ. ಮಡಿಕೆಯೊಳಗೆ ಸಾಸಿವೆ, ಮಟ್ಟುಗುಳ್ಳ ಬದನೆಯ ಬೀಜ, ಯಾವ ಕಾಲದ್ದೋ ಅನ್ನದ ಅಗುಳು. "ಒಂದು ಒಗ್ಗರಣೆಗೆ ಸಾಕು ಮಾರಾಯ್ರೆ" ಎಂದಳು ಹೆಂಡತಿ. ರಬ್ಬರು ಹರಿದಿರಲಿಲ್ಲ. ನೀರು ಚಿಮ್ಮಿಸುವ ರೆಕ್ಕೆಯ ತೂತುಗಳನ್ನೂ ಪಿನ್ನಿನಿಂದ ಬಿಡಿಸಿದೆ. ರೆಕ್ಕೆ ತಿರುಗಲು ಬಿಡದೆ ನೀರನ್ನು ಬಾಗಿಲಿಗೇ ಎಸೆಯುತ್ತಿದ್ದ ದೊಡ್ಡ ಬಾಣಲೆಯನ್ನು ಮತ್ತೆ ಸಿಂಕಿಗೆ ಗಡೀಪಾರು ಮಾಡಿದೆ. ಮತ್ತೂ ನೀರು.

ರಿಪೇರಿಯವನಿಗೆ ಫೋನು ಮಾಡಿದೆ. ಗುರುವಾರ ಬರ್ತೇನೆ ಅಂದ. ಯಾವ ಗುರುವಾರ ಅನ್ನಲಿಲ್ಲ. "ಕೆಳಗೆ ಪೇಪರ್ ಹಾಸಿ ನೋಡಿ ಸರ್, ಮೊದ್ಲು ಎಲ್ಲಿ ಒದ್ದೆ ಆಗ್ತದೆ ಅಂತ." ಸಲಹೆ ಒಳ್ಳೆಯದೇ. ಆದರೆ ಆಟಿ ಎಂಬ ತುಳುವರ ಮಳೆಯ ತಿಂಗಳಲ್ಲಿ ನಮ್ಮ ಪೇಪರು ಗೇಟಿನಿಂದ ಒಳಗೆ ಬರುವಷ್ಟರಲ್ಲೇ ಒದ್ದೆ. ಅಮ್ಮ ಅಕ್ಕಿಹಿಟ್ಟಿನ ಡಬ್ಬಿ ತಂದಳು. ಮಳೆ ಬಿಟ್ಟ ಹೊತ್ತು ನೋಡಿ, ಮೆಷಿನ್ನಿನ ಸುತ್ತ ರಂಗೋಲಿಯಂತೆ ಒಂದು ಗೆರೆ ಎಳೆದಳು. ಹತ್ತು ನಿಮಿಷಕ್ಕೆ ಎದುರಿನ ಹಿಟ್ಟು, ಸರಿಯಾಗಿ ಬಾಗಿಲ ಕೆಳಗೆ, ಮುದ್ದೆಯಾಯಿತು. ಹಿಂದೆ, ನೀರು ಬರುವ ಪೈಪು, ಹೋಗುವ ಪೈಪಿನ ಕೆಳಗೆ, ಹಿಟ್ಟು ಹುಡಿಹುಡಿ. ಪೈಪುಗಳು ನಿರ್ದೋಷಿಗಳು. ಬೆಳಿಗ್ಗೆಯಷ್ಟರಲ್ಲಿ ಸಾಕ್ಷ್ಯವನ್ನೆಲ್ಲ ಇರುವೆಗಳು ಹೊತ್ತುಕೊಂಡು ಹೋದವು.

"ನೀರು ಬೀಳುದು ಒಂದು ಕಡೆ, ಹಂಚು ಒಡ್ದದ್ದು ಇನ್ನೊಂದು ಕಡೆ" ಎಂದು ಅಮ್ಮ ಹಳೇ ಮನೆಯ ಕಥೆ ತೆಗೆದಳು. ಅಪ್ಪ ಬಿದಿರಿನ ಕೋಲಲ್ಲಿ ಕೆಳಗಿನಿಂದಲೇ ಹಂಚು ಸರಿಸುತ್ತಿದ್ದ ಕಾಲದ್ದು. ಕಥೆಯ ನಡುವೆಯೇ ಒಂದು ಸ್ಟೀಲ್ ತಟ್ಟೆಗೆ ನೀರು ಹಾಕಿ ಮೆಷಿನ್ನಿನ ತಲೆ ಮೇಲಿಟ್ಟಳು. ನೀರೆಲ್ಲ ಮುಂದಿನ ಅಂಚಿಗೆ ಓಡಿತು.

ಮೆಷಿನ್ನು ಮುಂದಕ್ಕೆ ವಾಲಿತ್ತು! ಕಳೆದ ಚೌತಿಗೆ ಗುಡಿಸಲೆಂದು ಎಳೆದವನು ನಾನೇ, ಒಂದು ಗೇಣು ಈಚೆಗೆ ಬಿಟ್ಟವನೂ ನಾನೇ. ಅಲ್ಲಿ ನೆಲಕ್ಕೆ ಮೋರಿಯ ಕಡೆಗೆ ವಾಟ ಉಂಟು. "ಹನಿ ನೀರೂ ನಿಲ್ಲಬಾರದು" ಎಂದು ಮೇಸ್ತ್ರಿಯ ತಲೆ ಮೇಲೆ ನಿಂತು ಕೊಡಿಸಿದ ವಾಟ. ಒಳಗಿನ ನೀರು ಅದೇ ಇಳಿಜಾರು ಹಿಡಿದು ಬಾಗಿಲ ಹೊಸ್ತಿಲು ದಾಟುತ್ತಿತ್ತು.

ಪ್ಲಗ್ ಕಿತ್ತು, ನಲ್ಲಿ ಕಟ್ಟಿ, ನೆಲಕ್ಕೆ ಅಂಗಾತ ಬಿದ್ದು ಸ್ಪ್ಯಾನರಿನಿಂದ ಮುಂದಿನ ಎರಡು ಕಾಲು ತಿರುಗಿಸಿದೆ. ಎರಡು ಸುತ್ತು, ತಟ್ಟೆ ನೋಡು. ಮತ್ತೆ ಎರಡು ಸುತ್ತು. "ಎಡಕ್ಕೆ ಇನ್ನೂ ಚೂರು" ಎಂದು ಅಮ್ಮ ಕುರ್ಚಿ ಹಾಕಿ ಕೂತು ಹೇಳುತ್ತಿದ್ದಳು. ಕೊನೆಗೆ ನೀರು ಸಮ ನಿಂತಿತು. ಪಾತ್ರೆ ತುಂಬಿ ಓಡಿಸಿದೆ. ನೆಲ ಒಣ.

ತಟ್ಟೆ ಅಲ್ಲೇ ಇರಲಿ ಎಂದಳು ಅಮ್ಮ. ಮೂರನೇ ರಾತ್ರಿ ಜಡಿಮಳೆ. ಬೆಳಿಗ್ಗೆ ಎದ್ದವನೇ ಹೋಗಿ ನೋಡಿದೆ. ನೆಲ ಒಣ, ಮನಸ್ಸು ತಂಪು. ಆಮೇಲೆ ತಟ್ಟೆ ಕಣ್ಣಿಗೆ ಬಿತ್ತು. ಅಮ್ಮ ಹಾಕಿದ್ದು ಒಂದು ಬೆರಳು ನೀರು. ಈಗ ಅಂಚಿನವರೆಗೆ ತುಂಬಿದೆ. ತಲೆ ಎತ್ತಿದೆ. ಹಣೆಗೆ ಟಪ್ಪೆಂದು ಒಂದು ಹನಿ ಬಿತ್ತು.

ಒಳಗಿನಿಂದ ಅಮ್ಮನ ಸ್ವರ: "ಏಣಿ ಬಾವಿಕಟ್ಟೆ ಹತ್ರ ಉಂಟು ಮಾಣಿ."