ರೈತರಿಗೇ ‘ಆಗಲ್ಲ’ ಅಂದ ರೈತ ಮಂತ್ರಿ

ಕೃಷಿ ಖಾತೆಯನ್ನು ರೈತನ ಕೈಗೆ ಕೊಟ್ಟರೆ ಎಲ್ಲ ಸರಿಹೋಗುತ್ತೆ ಅನ್ನುವ ಮಾತನ್ನು ನಾನು ಒಪ್ಪಲ್ಲ. ಹೊಲ ಉತ್ತವನು ಅನ್ನೋದಷ್ಟೇ ಸಾಲದು. ಮಂತ್ರಿಯಾಗುವ ಮೊದಲು ಅವನು ಯಾರ ಜೊತೆ ಜಗಳಕ್ಕೆ ನಿಂತಿದ್ದ ಅಂತ ನೋಡಬೇಕು.

ಕೆನಡಾದ ವಿಲಿಯಂ ರಿಚರ್ಡ್ ಮದರ್‌ವೆಲ್‌ನನ್ನೇ ನೋಡಿ. ಆಂಟೇರಿಯೊದ ರೈತ ಮನೆತನದ ಹುಡುಗ. ಗ್ವೆಲ್ಫ್‌ನ ಕೃಷಿ ಕಾಲೇಜಿನಲ್ಲಿ ಓದಿ 1882ರಲ್ಲಿ ಪಶ್ಚಿಮದ ಬಯಲಿಗೆ ಹೊರಟ. 10 ಡಾಲರ್ ಶುಲ್ಕಕ್ಕೆ 160 ಎಕರೆ ಸಿಗುತ್ತಿದ್ದ ಕಾಲ. ಅಬರ್ನೆಥಿ ಹತ್ತಿರ ನೆಲೆ ನಿಂತ. ಮಳೆ ಕಡಿಮೆ. ಒಂದು ಬೇಸಿಗೆ ಬಿತ್ತದೆ ಬಿಟ್ಟು, ಕಳೆ ಬಾರದಂತೆ ಉಳುತ್ತಾ, ಮುಂದಿನ ವರ್ಷಕ್ಕೆ ಮಣ್ಣಲ್ಲಿ ತೇವ ಉಳಿಸುತ್ತಿದ್ದ.

1901ರಲ್ಲಿ ಗೋಧಿ ಭರ್ಜರಿಯಾಗಿ ಬಂತು. ಸಾಗಿಸೋಕೆ ರೈಲು ವ್ಯಾಗನ್ನೇ ಇಲ್ಲ! ಬಂದ ವ್ಯಾಗನ್‌ಗಳೂ ಮೊದಲು ಎಲಿವೇಟರ್ ಕಂಪನಿಗಳಿಗೆ, ಅಂದರೆ ಸ್ಟೇಷನ್ ಪಕ್ಕ ಧಾನ್ಯ ಕೊಂಡು ತುಂಬಿಡುತ್ತಿದ್ದವರಿಗೆ. ಅವರು ಹೇಳಿದ್ದೇ ದರ. ಆ ಡಿಸೆಂಬರ್‌ನಲ್ಲಿ ಇಂಡಿಯನ್ ಹೆಡ್ ಅನ್ನೋ ಊರಲ್ಲಿ ರೈತರು ಸೇರಿ ಸಂಘ ಕಟ್ಟಿದರು. ಮದರ್‌ವೆಲ್ ಅಧ್ಯಕ್ಷ. ಮರುವರ್ಷ ವ್ಯಾಗನ್ ಸರದಿ ಮುರಿದ ಅಂತ ಸಿಂಟಲೂಟಾ ಸ್ಟೇಷನ್ ಏಜೆಂಟ್ ಮೇಲೆ ಸಂಘ ಕೇಸು ಹಾಕಿಸಿ ಗೆದ್ದಿತು. ಎದುರಿಗಿದ್ದದ್ದು ಕೆನೇಡಿಯನ್ ಪೆಸಿಫಿಕ್ ರೈಲ್ವೆ. ಸಣ್ಣ ಆಸಾಮಿಯಲ್ಲ.

ಇನ್ನೊಂದು ವಿಷಯ ನನ್ನನ್ನು ಕಾಡುತ್ತದೆ. ಅದೇ ಕಾಲದಲ್ಲಿ, ಅದೇ ಸೀಮೆಯಲ್ಲಿ, ಮೂಲನಿವಾಸಿ ರೈತರು ತಾವು ಬೆಳೆದ ಕಾಳು ಮಾರಬೇಕಾದರೆ ಸರ್ಕಾರಿ ಏಜೆಂಟನಿಂದ ಪರ್ಮಿಟ್ ತರಬೇಕಿತ್ತು. ರೈತರ ಹಕ್ಕು ಅಂತ ಅಷ್ಟೊಂದು ಕೂಗಿದವರಲ್ಲಿ ಅವರ ಲೆಕ್ಕ ಬರಲೇ ಇಲ್ಲ, ಅಲ್ವಾ?

1905ರಲ್ಲಿ ಈ ಸೀಮೆಯಲ್ಲಿ ಸಸ್ಕ್ಯಾಚೆವಾನ್ ಅನ್ನೋ ಹೊಸ ಪ್ರಾಂತ್ಯ ಆಯಿತು. ಕೃಷಿ ಖಾತೆ ಮದರ್‌ವೆಲ್‌ಗೆ. ನಿಜವಾದ ಪರೀಕ್ಷೆ ಆಮೇಲೆ ಬಂತು. ಎಲಿವೇಟರ್‌ಗಳನ್ನು ಸರ್ಕಾರವೇ ನಡೆಸಲಿ ಅಂತ ರೈತ ಸಂಘ ಪಟ್ಟು ಹಿಡಿಯಿತು. ತಾನೇ ಕಟ್ಟಿದ್ದ ಸಂಘ! ಹೂಂ ಅಂದಿದ್ದರೆ ಚಪ್ಪಾಳೆ ಗ್ಯಾರಂಟಿ. ಆದರೆ ಅವನಿದ್ದ ಸರ್ಕಾರ ಆಗಲ್ಲ ಅಂದಿತು. ರೈತರೇ ಸಹಕಾರಿ ಕಂಪನಿ ಕಟ್ಟಲಿ, ಷೇರು ಹಣದ 15 ಪರ್ಸೆಂಟ್ ಹಾಕಲಿ, ಉಳಿದ 85 ನಾವು ಸಾಲ ಕೊಡ್ತೀವಿ ಅನ್ನುವ ದಾರಿ ಹಿಡಿಯಿತು. 1911ರಲ್ಲಿ ಆ ಕಂಪನಿ ಶುರುವಾಯಿತು. ನನಗೆ ಈ ದಾರಿಯೇ ಹೆಚ್ಚು ಇಷ್ಟ. ದುಡ್ಡೂ ಸಿಕ್ಕಿತು, ಕೀಲಿಕೈಯೂ ರೈತರ ಹತ್ತಿರವೇ ಉಳಿಯಿತು.

ಕೃಷಿ ಪಾಠ ಹೊತ್ತು ಊರೂರಿಗೆ ರೈಲು ಓಡಿದ್ದೂ ಈತನ ಕಾಲದಲ್ಲೇ. ಆದರೆ ಒಣ ಬೇಸಾಯದ ಆ ಪಾಠದಲ್ಲಿ ಒಂದು ಪೇಚಿತ್ತು. ಬಿತ್ತದೆ ಉತ್ತು ಬಿಟ್ಟ ಬರಿ ಮಣ್ಣು 1930ರ ದಶಕದ ಬರಗಾಲದಲ್ಲಿ ಗಾಳಿಗೆ ಹಾರಿಹೋಯಿತು.

1918ರಲ್ಲಿ ಶಾಲೆಗಳಲ್ಲಿ ಫ್ರೆಂಚ್ ಬಳಕೆಗೆ ತನ್ನದೇ ಸರ್ಕಾರ ಕಡಿವಾಣ ಹಾಕುತ್ತಿದೆ, ಲಿಬರಲ್ ಪಕ್ಷ ತನ್ನ ರಾಷ್ಟ್ರೀಯ ನಾಯಕ ವಿಲ್ಫ್ರಿಡ್ ಲಾರಿಯೇ ಅವರನ್ನು ಕೈಬಿಟ್ಟಿದೆ ಅಂತ ಬೇಸತ್ತು ರಾಜೀನಾಮೆ ಕೊಟ್ಟ. ಕೃಷಿಗೂ ಅದಕ್ಕೂ ಸಂಬಂಧವೇ ಇಲ್ಲ. ಸುಮ್ನೆ ಕೂತಿದ್ದರೆ ಕುರ್ಚಿ ಉಳಿಯುತ್ತಿತ್ತು. ಮೂರು ವರ್ಷದ ಮೇಲೆ ಒಟ್ಟಾವಾದಲ್ಲಿ ಕೇಂದ್ರದ ಕೃಷಿ ಖಾತೆಯೇ ಸಿಕ್ಕಿತು ಅನ್ನೋದು ಬೇರೆ ಮಾತು.