ಗನ್ನಿಸನ್ ಕಮರಿಯ ಅಂಚಿನಿಂದ ಕಾಣುವ ನದಿ

ಅಮೆರಿಕಕ್ಕೆ ಬರುವ ನಮ್ಮವರು ಗ್ರ್ಯಾಂಡ್ ಕ್ಯಾನಿಯನ್ ನೋಡದೆ ಊರಿಗೆ ಮರಳುವುದು ಕಡಿಮೆ. ಆದರೆ ಕೊಲರಾಡೊದ ಮಾಂಟ್ರೋಸ್ ಪಟ್ಟಣದ ಸಮೀಪವಿರುವ ಬ್ಲ್ಯಾಕ್ ಕ್ಯಾನಿಯನ್ ಆಫ್ ದ ಗನ್ನಿಸನ್ ರಾಷ್ಟ್ರೀಯ ಉದ್ಯಾನದ ಹೆಸರನ್ನು ಅವರ ಬಾಯಲ್ಲಿ ನಾನು ಕೇಳಿದ್ದು ತೀರ ವಿರಳ. ಕಮರಿಯ ಹಿರಿಮೆಯನ್ನು ಅದರ ವಿಸ್ತಾರದಿಂದಲೇ ಅಳೆಯುವ ರೂಢಿ ಇದಕ್ಕೆ ಕಾರಣವಿರಬೇಕು. ಇಲ್ಲಿನ ಚಾಸಮ್ ವ್ಯೂ ಎಂಬ ವೀಕ್ಷಣಾ ಸ್ಥಳದಲ್ಲಿ ಕಂಬಿ ಹಿಡಿದು ಬಗ್ಗಿದರೆ ಗನ್ನಿಸನ್ ನದಿ ಸುಮಾರು 550 ಮೀಟರ್ ಕೆಳಗಿದೆ. ಎದುರು ದಂಡೆಯ ಅಂಚು ಅಷ್ಟು ದೂರವೂ ಇಲ್ಲ, ಬರೀ 335 ಮೀಟರ್. ಕೆಳಗೆ ಬಿಸಿಲು ಬೀಳುವ ಹೊತ್ತು ಅಷ್ಟು ಕಡಿಮೆಯಾದ್ದರಿಂದಲೇ ಇದು ಕಪ್ಪು ಕಮರಿ.

ಈ ಕಡಿದಾದ ಗೋಡೆಗಳು ಸುಮಾರು 170 ಕೋಟಿ ವರ್ಷ ಹಳೆಯ ನೈಸ್ ಮತ್ತು ಶಿಸ್ಟ್ ಶಿಲೆಗಳವು, ಅಂದರೆ ನೆಲದಾಳದ ಶಾಖ, ಒತ್ತಡಗಳಿಂದ ರೂಪಾಂತರಗೊಂಡ ಗಟ್ಟಿ ಕಲ್ಲುಗಳವು. (ಬೆಂಗಳೂರಿನ ಲಾಲ್‌ಬಾಗ್ ಬಂಡೆಯೂ ನೈಸ್ ಶಿಲೆಯೇ, ವಯಸ್ಸಿನಲ್ಲಿ ಇನ್ನೂ ಹಿರಿದು.) ಸಮೀಪದ ಪೇಂಟೆಡ್ ವಾಲ್ ಎಂಬ 685 ಮೀಟರ್ ಎತ್ತರದ ಗೋಡೆಯ ಮೇಲೆ ಅಡ್ಡಾದಿಡ್ಡಿಯಾಗಿ ಹಬ್ಬಿರುವ ನಸುಗೆಂಪು ಪಟ್ಟೆಗಳು, ಕರಗಿದ ಶಿಲಾದ್ರವ ಹಳೆಯ ಕಲ್ಲಿನ ಬಿರುಕುಗಳಿಗೆ ನುಗ್ಗಿ ಗಟ್ಟಿಯಾದದ್ದರ ಗುರುತು. ಇಷ್ಟು ಗಡುಸಾದ ಕಲ್ಲು ಪಕ್ಕಕ್ಕೆ ಬೇಗ ಸವೆಯುವುದಿಲ್ಲ. ಚಾಸಮ್ ವ್ಯೂ ಬಳಿ ಕಿಲೋಮೀಟರಿಗೆ 45 ಮೀಟರ್‌ನಂತೆ ಇಳಿಯುವ ನದಿ ಮಾತ್ರ ಕೆಳಕ್ಕೆ ಕೊರೆಯುತ್ತಲೇ ಬಂದಿದೆ.

ಆದರೆ ಅಂಚಿನಲ್ಲಿ ನಿಂತವರು ಇದನ್ನು ಮನುಷ್ಯನ ಕೈ ಸೋಕದ ಪ್ರಕೃತಿ ಎಂದು ವರ್ಣಿಸುವುದು ನನಗೆ ಒಪ್ಪಿಗೆಯಾಗದು. 1909ರಲ್ಲಿ ಅಧ್ಯಕ್ಷ ಟಾಫ್ಟ್ ಉದ್ಘಾಟಿಸಿದ, ಒಂಬತ್ತು ಕಿಲೋಮೀಟರಿಗೂ ಉದ್ದದ ಸುರಂಗ ಈ ನದಿಯ ನೀರನ್ನು ಬೆಟ್ಟದೊಳಗಿನಿಂದ ಅನ್‌ಕಂಪಾಗ್ರೆ ಕಣಿವೆಯ ಹೊಲಗಳಿಗೆ ಒಯ್ಯುತ್ತಿದೆ. ಮೇಲ್ಭಾಗದಲ್ಲಿ ಬ್ಲೂ ಮೇಸಾ, ಮಾರೋ ಪಾಯಿಂಟ್, ಕ್ರಿಸ್ಟಲ್ ಎಂಬ ಮೂರು ಅಣೆಕಟ್ಟುಗಳಿವೆ. ಲಿಂಗನಮಕ್ಕಿಯಲ್ಲಿ ಶರಾವತಿಯನ್ನು ತಡೆದ ಮೇಲೆ ಜೋಗದ ನೋಟ ಏನಾಯಿತೆಂದು ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸುರಂಗ ತೋಡಿದ್ದು ತಪ್ಪೆಂದು ನಾನು ವಾದಿಸುತ್ತಿಲ್ಲ. ಒಣ ಕಣಿವೆಯಲ್ಲಿ ಬೇಸಾಯ ಮಾಡುವವರಿಗೆ ಆ ನೀರು ಬೇಕೇ ಬೇಕು. ಆದರೆ ಕಮರಿಗೂ ನೀರಿನ ಹಕ್ಕುಂಟು ಎಂಬ ಮಾತು ಬರಿಯ ಭಾವುಕತೆಯಲ್ಲ: ಉದ್ಯಾನಕ್ಕೆ ಸಲ್ಲಬೇಕಾದ ಹರಿವು ಎಷ್ಟೆಂಬುದನ್ನು 2008ರಲ್ಲಿ ನ್ಯಾಯಾಲಯದ ತೀರ್ಪೇ ನಿಗದಿಪಡಿಸಿತು, ಅದೂ ಇದು ರಾಷ್ಟ್ರೀಯ ಸ್ಮಾರಕವಾದ 1933ರ ಹಿರಿತನವನ್ನು ಮಾನ್ಯಮಾಡಿ (ಅಲ್ಲಿ ಹಳೆಯ ಹಕ್ಕಿಗೇ ನೀರು ಮೊದಲು). ಹಿಮ ಕರಗುವ ಕಾಲದ ದೊಡ್ಡ ಹರಿವಿಗೂ ಅದರಲ್ಲಿ ಅವಕಾಶವಿದೆ; ಹೋಗುವವರು ಆ ಹೊತ್ತಿಗೇ ಹೋದರೆ ಉತ್ತಮ.