ಎರಡಿಂಚು ಎತ್ತಿಸಿದರೆ ಎಲ್ಲ ಟಯರೂ ಹಿಡಿಯುವುದಿಲ್ಲ

ಮಧ್ಯಾಹ್ನದಿಂದ ತಲೆ ಬಿಸಿಯಾಗಿದೆ. ಅಕ್ಕನ ಮಗ ತನ್ನ ಪಿಕಪ್ಪನ್ನು ಎರಡಿಂಚು ಎತ್ತಿಸಿ, ಹೊಸ ಟಯರು ಹಾಕಿಸಿ, ತೋರಿಸಲು ಅಂತಲೇ ಬಂದಿದ್ದ. ಕಾಸರಗೋಡಿನ ಬದಿಯಡ್ಕದಿಂದ ನಮ್ಮ ಮನೆಗೆ ಬಂದವರಿಗೆ ಗೊತ್ತು, ದರೆ ಕಡಿದು ಮಾಡಿದ ಆ ಕೊನೆಯ ತಿರುವಿನಲ್ಲಿ ಸ್ಟಿಯರಿಂಗ್ ಪೂರ್ತಿ ತಿರುಗಿಸದೆ ಅಂಗಳಕ್ಕೆ ಇಳಿಯಲು ಆಗುವುದಿಲ್ಲ. ಅಲ್ಲಿ ತಿರುಗಿಸಿದ ಕೂಡಲೇ ಕರಕರ ಸದ್ದು. ಬಗ್ಗಿ ನೋಡಿದರೆ ಮಡ್‌ಗಾರ್ಡಿನ ಒಳಗಿನ ಪ್ಲಾಸ್ಟಿಕ್ಕು ಅಂಗೈಯಗಲ ಉಜ್ಜಿ ತೆಳ್ಳಗಾಗಿದೆ. ಹಾಕಿಸಿ ನಾಲ್ಕು ದಿನ ಆಗಿಲ್ಲ!

"ಮಾವ, ಎರಡಿಂಚು ಎತ್ತಿದರೆ 33 ಇಂಚಿನ ಟಯರು ಆರಾಮಾಗಿ ಹಿಡೀತದೆ ಅಂತ ಅಂಗಡಿಯವರೇ ಹೇಳಿದ್ದು" ಅಂದ. ನನಗೆ ಸಿಟ್ಟು ಬಂದದ್ದು ಅವನ ಮೇಲಲ್ಲ. ಅಷ್ಟು ದುಡ್ಡು ತಗೊಂಡವರು ಒಮ್ಮೆ ಸ್ಟಿಯರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಬೇಡವಾ?

ಲೆಕ್ಕ ಕಷ್ಟದ್ದಲ್ಲ. ಗಾಡಿಯಲ್ಲಿ ಮೊದಲು ಇದ್ದದ್ದು 265/65 ಆರ್ 17. ಅಂದರೆ ಅಗಲ 265 ಮಿ.ಮೀ., ಅದರ ಶೇ. 65ರಷ್ಟು ಪಕ್ಕದ ಗೋಡೆ, ರಿಮ್ಮು 17 ಇಂಚು. ಒಟ್ಟು ಎತ್ತರ 776 ಮಿ.ಮೀ. ಈಗ ಹಾಕಿದ 285/70 ಆರ್ 17ಕ್ಕೆ 831, ಅಂದರೆ ಹೆಚ್ಚುಕಡಿಮೆ 33 ಇಂಚು. ಮೊದಲು 60ರಲ್ಲಿ ಹೋಗುತ್ತಿದ್ದ ಗಾಡಿ, ಸ್ಪೀಡೋಮೀಟರಿನ ಮುಳ್ಳು ಅಲ್ಲೇ ಇದ್ದರೂ ಈಗ 64ರಲ್ಲಿ ಹೋಗುತ್ತದೆ. ಎತ್ತಿಸಿದಾಗ ಮೇಲೆ ಜಾಗ ಸಿಗುತ್ತದೆ, ಸರಿ. ಆದರೆ ಚಕ್ರ ತಿರುಗುವಾಗ ಬೇಕಾಗುವುದು ಹಿಂದೆ ಮುಂದೆ ಜಾಗ. ಅದು ಮೊದಲು ಎಷ್ಟಿತ್ತೋ ಅಷ್ಟೇ ಅಲ್ವಾ? ಮತ್ತೆ ಲೋಡು ಹಾಕಿ ಹೊಂಡಕ್ಕೆ ಇಳಿದಾಗ ಸ್ಪ್ರಿಂಗು ಕುಸಿದು ಆ ಮೇಲಿನ ಜಾಗವೂ ಹೋಗುತ್ತದೆ. ಇದನ್ನು ಯಾರೂ ಅವನಿಗೆ ಹೇಳಿಲ್ಲ.

"ಎಷ್ಟು ಎತ್ತಿದರೂ ಹಿಂದಿನ ಆಕ್ಸಲು ಮೇಲೆ ಬರುವುದಿಲ್ಲ, ಅದಕ್ಕೆ ದೊಡ್ಡ ಟಯರೇ ಬೇಕು" ಅಂತ ಅವನ ವಾದ. ಮಾತು ನಿಜ. ನಮ್ಮ ಮುರಕಲ್ಲಿನ ದಾರಿಯಲ್ಲಿ ಮೊದಲು ಬಡಿಯುವುದು ಆ ಆಕ್ಸಲಿನ ನಡುವಿನ ಗುಂಡು, ಡಿಫರೆನ್ಷಿಯಲ್ಲೇ. ಆದರೆ ಟಯರಿನ ಹೆಚ್ಚಿದ ಎತ್ತರದ ಅರ್ಧ ಮಾತ್ರ ಆಕ್ಸಲಿಗೆ ಸಿಗುವುದು, 27 ಮಿ.ಮೀ. 265/70 ಹಾಕಿದ್ದರೆ ಅಗಲ ಜಾಸ್ತಿಯಾಗದೆ 13 ಸಿಗುತ್ತಿತ್ತು. ಉಳಿದ 14 ಮಿ.ಮೀ.ಗೋಸ್ಕರ ಮೈಲೇಜು ಕಳಕೊಂಡು, ಗಾಡಿಯಡಿಯಲ್ಲಿ ಹಿಡಿಯದ ಸ್ಟೆಪ್ನಿಯನ್ನು ಹಿಂದೆ ಅಡಿಕೆ ಗೋಣಿ ಇಡುವ ಜಾಗದಲ್ಲಿ ಹಾಕಿಕೊಂಡು ತಿರುಗಬೇಕಾ?

ಇಷ್ಟು ಯಾಕೆ ಕೂಗುತ್ತೇನೆ ಅಂತ ಅಕ್ಕನೂ ಕೇಳಿದಳು. ಹಲವು ವರ್ಷದ ಹಿಂದೆ ನಾನೂ ಜೀಪಿಗೆ ಅಳತೆ ನೋಡದೆ ದೊಡ್ಡ ಟಯರು ಹಾಕಿಸಿದ್ದೆ. ಟಯರು ದೊಡ್ಡದಾದರೆ ಅದೇ ಬ್ರೇಕಿಗೆ ಹೆಚ್ಚು ಕೆಲಸ. ಮಳೆಗಾಲದಲ್ಲಿ ಗೊಬ್ಬರದ ಲೋಡು ತುಂಬಿ ಗುಡ್ಡೆ ಇಳಿಯುವಾಗ ಎಷ್ಟು ತುಳಿದರೂ ಜೀಪು ನಿಲ್ಲಲಿಲ್ಲ, ದರೆಗೆ ಒರಗಿಸಿ ನಿಲ್ಲಿಸಿದೆ. ಪಕ್ಕದ ಸೀಟಿನಲ್ಲಿ ಇದೇ ಹುಡುಗ ಕೂತಿದ್ದ, ಎರಡನೇ ಕ್ಲಾಸು. ಇವತ್ತಿನವರೆಗೆ ಅಕ್ಕನಿಗೆ ಹೇಳಿರಲಿಲ್ಲ.

ಕಾನೂನೂ ಇದೆ. ಆರ್‌ಸಿಯಲ್ಲಿರುವ ಕಂಪೆನಿಯ ವಿವರಕ್ಕೆ ವ್ಯತ್ಯಾಸ ಬರುವ ಹಾಗೆ ಗಾಡಿ ಬದಲಾಯಿಸಬಾರದು ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ನಮ್ಮ ಕೇರಳದ್ದೇ ಕೇಸಿನಲ್ಲಿ. ಎತ್ತಿಸುವ ಮೊದಲು ಅದನ್ನೂ ಹೇಳುವುದು ಅಂಗಡಿಯವರ ಕೆಲಸವೇ.

ನಾಳೆ ಬೆಳಿಗ್ಗೆ ಅವನ ಜೊತೆ ನಾನೂ ಹೋಗುತ್ತೇನೆ. ಹಿಂದೆ ಆರು ಗೋಣಿ ಅಡಿಕೆ ಹೇರಿಕೊಂಡೇ ಹೋಗುವುದು. ಅವರ ಅಂಗಡಿಯ ಎದುರೇ ನಿಲ್ಲಿಸಿ ಸ್ಟಿಯರಿಂಗ್ ಪೂರ್ತಿ ತಿರುಗಿಸುತ್ತೇನೆ. ಆ ಸದ್ದನ್ನು ಅವರೂ ಕೇಳಲಿ.